ಕ್ಯಾಸೆಟ್ಟಿಗೆ ಸೇರದ ಕೊಳಲು

ಒಂದೇ ಸಿನಿಮಾದ ರೀಲಿನಲ್ಲಿ ಒಂದು ಡ್ಯುಯೆಟ್ ಹಾಡೂ ಹಿನ್ನೆಲೆಯ ಒಂದು ಪುಟ್ಟ ಕೊಳಲ ರಾಗವೂ ಇದ್ದವು.

"ಕ್ಯಾಸೆಟ್ಟಿನಲ್ಲಿ ಮೊದಲ ಜಾಗ ನನ್ನದು. ನಿನ್ನನ್ನು ಸೇರಿಸಲೇ ಇಲ್ಲವಲ್ಲ," ಎಂದಿತು ಹಾಡು.

"ಹೌದಣ್ಣ, ಬಿಟ್ಟುಬಿಟ್ಟರು," ಎಂದಿತು ಕೊಳಲು.

ಸಂಜೆಯ ಆಟ ಶುರುವಾಯಿತು. ಹಾಡು ಬಂದದ್ದೇ ತಡ, ಅರ್ಧ ಥಿಯೇಟರು ಎದ್ದು ಬೋಂಡಾ ತಿನ್ನಲು ಹೋಯಿತು. ಹಾಡನ್ನು ಮನೆಯಲ್ಲಿ ಹೇಗೂ ಕೇಳಬಹುದಲ್ಲ. ಆಮೇಲೆ, ಕಳೆದುಹೋದ ಮಗಳನ್ನು ತಾಯಿ ಗುರುತಿಸುವ ದೃಶ್ಯಕ್ಕೆ ಕೊಳಲು ನುಡಿಯಿತು. ಹೊರಗಿದ್ದವರೆಲ್ಲ ಅರ್ಧ ತಿಂದ ಬೋಂಡಾ ಕೈಯಲ್ಲಿ ಹಿಡಿದೇ ಒಳಗೆ ಓಡಿಬಂದರು.

ಹಾಡಿಗೆ ಸಿಟ್ಟು ಬಂತು. "ಕುಣಿಯಬೇಡ. ಯಾವ ಅಂಗಡಿಯಲ್ಲೂ ಸಿಗದ ನಿನ್ನನ್ನು ಇವರು ಇನ್ನೊಮ್ಮೆ ಕೇಳುವುದಾದರೂ ಹೇಗೆ?"

"ನಾಳೆ ಮತ್ತೆ ಟಿಕೆಟ್ ತೆಗೆದುಕೊಂಡು ಬರುತ್ತಾರೆ, ಅಣ್ಣ," ಎಂದಿತು ಕೊಳಲು.