ಹೆಸರಿದ್ದ ಗುಂಡಿಗಳು

ಬೋಳು ಬಂಡೆಯೊಂದರ ಬುಡದಲ್ಲಿ ಒಂದು ಆಶ್ರಮ. ಅಲ್ಲಿ ಹಾಲಯ್ಯ ಎಂಬ ಗುರುಗಳು. ಇಡೀ ಆಶ್ರಮಕ್ಕೆ ಇದ್ದದ್ದು ಒಂದೇ ಬಾವಿ. ಅದು ಬತ್ತಿತೋ, ಎಲ್ಲರೂ ಗಂಟುಮೂಟೆ ಕಟ್ಟಬೇಕು.

ಮರುಳಯ್ಯ ಚಿಕ್ಕಂದಿನಲ್ಲಿ ಅಲ್ಲೇ ಬೆಳೆದವನು. ಆಮೇಲೆ ಹನ್ನೆರಡು ವರ್ಷ ಊರೂರು ಸುತ್ತಿದ. ಎಲ್ಲಿ ನೀರು ಕುಡಿದರೂ, "ನಮ್ಮ ಬಾವಿ ನೀರಿನ ರುಚಿ ಇದಕ್ಕೆಲ್ಲಿ ಬರಬೇಕು!" ಅನ್ನುತ್ತಿದ್ದ. ಕೊನೆಗೆ ತಡೆಯಲಾರದೆ ವಾಪಸು ಬಂದ.

ಗುರುಗಳ ಕಣ್ಣು ಮಂಜಾಗಿತ್ತು. ತೋಟ ಮಾತ್ರ ಹಾಗೇ ಇತ್ತು. ಬಂಡೆಯಿಂದ ಹೆಬ್ಬಾಗಿಲವರೆಗೆ ಗುಂಡಿಯೋ ಗುಂಡಿ, ಒಂದೊಂದಕ್ಕೂ ಒಂದೊಂದು ಹೆಸರು. ಅಡುಗೆಯ ಸಿದ್ದವ್ವ ಪಾತ್ರೆ ತೊಳೆಯುತ್ತಿದ್ದದ್ದು ಸಿದ್ದವ್ವನ ಗುಂಡಿ. ಅಗಸರ ಕತ್ತೆ ಹೊರಳಾಡಿದ್ದು ಕತ್ತೆಗುಂಡಿ. ಒಂದಕ್ಕೆ ಮರುಳನ ಗುಂಡಿ ಅಂತ ಇವನದೇ ಹೆಸರು. ಏಳು ವರ್ಷದವನಿದ್ದಾಗ ಅದರಲ್ಲಿ ಅಂಗಾತ ಬಿದ್ದಿದ್ದ. ನೆನೆದಾಗ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಮರುದಿನವೇ ಗುರುಗಳು ಕತ್ತೆಗುಂಡಿಯಲ್ಲಿ ಎಡವಿ ಬಿದ್ದರು. ಮೊಣಕಾಲು ತರಚಿತು.

ಮರುಳಯ್ಯ ಗಾಯಕ್ಕೆ ಅರಿಸಿನ ಹಚ್ಚಿದ. ಗುರುಗಳು ಹದಿನೈದು ದಿನ ಪಕ್ಕದೂರಿಗೆ ಹೋದದ್ದೇ ತಡ, ಮಣ್ಣು ಹೊತ್ತು ಗುಂಡಿಗಳನ್ನೆಲ್ಲ ಮುಚ್ಚಿದ. ಮೇಲೆ ಚಪ್ಪಡಿ ಹಾಸಿದ. ಗುರುಗಳು ಮರಳಿದ ಕೂಡಲೇ ತೋಟಕ್ಕೆ ಕರೆತಂದ.

"ನಡೆದು ನೋಡಿ ಬುದ್ಧಿ, ಇನ್ನು ಎಡವೋ ಮಾತೇ ಇಲ್ಲ."

ಗುರುಗಳು ನಾಲ್ಕು ಹೆಜ್ಜೆ ನಡೆದರು. "ನುಣ್ಣಗಿದೆ ಕಣಪ್ಪ. ಆದರೆ ಎಲ್ಲಿದ್ದೀನಿ ಅನ್ನೋದೇ ಗೊತ್ತಾಗ್ತಿಲ್ಲ."

ಮಳೆಗಾಲ ಬಂತು. ಮಳೆ ಹುಯ್ಯಿತು ಅಂದರೆ ಹುಯ್ಯಿತು. ಆದರೂ ಬಾವಿಯ ನೀರು ಇಳಿಯಿತು. ಕೊಡ ನೀರು ಮುಟ್ಟದೆ, ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕಬೇಕಾಯಿತು.

"ಇದೇನು ಬುದ್ಧಿ? ನಾನು ಬಂದ ವರ್ಷವೇ ನಾವು ಈ ಜಾಗ ಬಿಡಬೇಕೇ?"

"ಒಂದು ಹಿಡಿ ರಾಗಿ ಹೊಟ್ಟು ತಾ."

ಮರುಳಯ್ಯನಿಗೆ ಎಲ್ಲ ನೆನಪಾಯಿತು. ವರ್ಷವರ್ಷವೂ ಮೊದಲ ಮಳೆಗೆ ಗುರುಗಳು ಬಂಡೆಯ ಬುಡದಲ್ಲಿ ಹೊಟ್ಟು ತೇಲಿಬಿಡುತ್ತಿದ್ದರು. ಹುಡುಗರೆಲ್ಲ ಕೇಕೆ ಹಾಕುತ್ತ ಅದರ ಹಿಂದೆ. ಹೊಟ್ಟು ಎಲ್ಲಿ ಜೋರಾಗಿ ಓಡಿತೋ, ಅಲ್ಲೊಂದು ಹೊಸ ಗುಂಡಿ ತೋಡಿಸುತ್ತಿದ್ದರು. ಎಲ್ಲರೂ ಉಂಡು, ಒಂದು ನಿದ್ದೆ ತೆಗೆದರೂ ಹೊಟ್ಟು ಹೆಬ್ಬಾಗಿಲು ಮುಟ್ಟುತ್ತಿರಲಿಲ್ಲ. ಎಂಥ ದಿನಗಳವು!

ಅಂದು ಮಧ್ಯಾಹ್ನ ಮಳೆ ಹಿಡಿಯಿತು. ಮರುಳಯ್ಯ ಹೊಟ್ಟು ಬಿಟ್ಟ. ಹಿಂದೆ ಓಡುವುದಕ್ಕೂ ಪುರುಸೊತ್ತಿಲ್ಲ. ಚಪ್ಪಡಿಯ ಮೇಲೆ ಜಾರಿ, ಬಾಗಿಲು ದಾಟಿ, ಹಳ್ಳಕ್ಕೆ ಹೋಗೇಬಿಟ್ಟಿತು.

ಜಗಲಿಯಿಂದ ಗುರುಗಳು ಕೂಗಿದರು. "ಎಲ್ಲಿದೆಯಪ್ಪಾ ಹೊಟ್ಟು?"

"ಹೋಯ್ತು ಬುದ್ಧಿ."

"ಇಷ್ಟು ಬೇಗ?"

ಮರುಳಯ್ಯ ಅಲ್ಲೇ ಕುಸಿದು ಕೂತ. "ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲ ಬುದ್ಧಿ! ಗುಂಡಿಯಲ್ಲಿ ನಿಂತು ಇಂಗೋ ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟು, ಬಾವಿ ಬತ್ತಿಸಿದವನು ನಾನೇ."

ಗುರುಗಳು ಬೈಯಲಿಲ್ಲ. ಬರಿಗಾಲಲ್ಲಿ ಮಳೆಗಿಳಿದರು. ಜಗಲಿಯಿಂದ ಹನ್ನೊಂದು ಹೆಜ್ಜೆ ಎಣಿಸಿ ಕೋಲೂರಿದರು.

"ಸಿದ್ದವ್ವ ಕೂರುತ್ತಿದ್ದದ್ದು ಇಲ್ಲಿ. ಚಪ್ಪಡಿ ಎತ್ತು, ಅಗಿ."

ಅಲ್ಲಿಂದ ಎಡಕ್ಕೆ ಒಂಬತ್ತು ಹೆಜ್ಜೆ. "ಕತ್ತೆ ಹೊರಳಿದ್ದು ಇಲ್ಲಿ."

ನಾಲ್ಕು ದಿನ ಹೀಗೇ. ಗುರುಗಳ ಕಾಲಿಗೆ ಒಂದೂ ಮರೆತಿರಲಿಲ್ಲ. ಮರುಳಯ್ಯ ಅಳುತ್ತಲೇ ಅಗೆದ. ಕೊನೆಯ ಗುಂಡಿಯ ಹತ್ತಿರ ಗುರುಗಳು ನಕ್ಕರು.

"ಇದನ್ನು ಮೊಣಕಾಲುದ್ದ ಅಗಿ. ಅವತ್ತು ಬಿದ್ದು ಊರಿಗೆಲ್ಲ ಕೇಳೋ ಹಾಗೆ ಅತ್ತಿದ್ದೆಯಲ್ಲೋ!"

ಮುಂದಿನ ಮಳೆಗೆ ಹೊಟ್ಟು ಕತ್ತೆಗುಂಡಿಯಲ್ಲಿ ಸುತ್ತಿತು, ತುಂಬಿ ಹರಿದಾಗ ಮೆಲ್ಲಗೆ ಮರುಳನ ಗುಂಡಿಗೆ ಬಂತು, ಅಲ್ಲೇ ನಿಂತಿತು. ಬಾಗಿಲು ದಾಟಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮರುಳಯ್ಯ ಬಾವಿಯ ಹಗ್ಗದ ಗಂಟು ಬಿಚ್ಚಿದ. ಮೊದಲ ಕೊಡದ ನೀರನ್ನು ಬೊಗಸೆಯಲ್ಲಿ ಕುಡಿದ. ಅದೇ ರುಚಿ.

ಆ ಸಂಜೆ ಗುರುಗಳು ತೋಟಕ್ಕೆ ಹೋಗಲು ಎದ್ದರು. ಮರುಳಯ್ಯನಿಗೆ ಮತ್ತೆ ಅದೇ ದಿಗಿಲು.

"ಗುಂಡಿಗಳೇನೋ ಬಂದವು ಬುದ್ಧಿ. ನೀವು ಮತ್ತೆ ಬಿದ್ದರೆ?"

ಗುರುಗಳು ಕೈ ಚಾಚಿದರು.

"ನನ್ನ ಕೈ ಹಿಡಿಯೋಕೆ ನೀನಿದ್ದೀಯ. ಮಳೆಯ ಕೈ ಹಿಡಿಯೋಕೆ ಆ ಗುಂಡಿಗಳನ್ನು ಬಿಟ್ಟರೆ ಇನ್ಯಾರಿದ್ದಾರೋ?"