ಕಿ ಕಪಾಟಿನ ಚೀಟಿ

"ಗುರುಗಳೇ, ಜೊತೆಯವನನ್ನು ಎಲ್ಲರೂ ಹೊಗಳುವಾಗ ನನಗೆ ಹೊಟ್ಟೆ ಉರಿಯುತ್ತದೆ. ಇದನ್ನು ಆರಿಸುವುದು ಹೇಗೆ?" ಎಂದು ಪ್ರೋಗ್ರಾಮಿಂಗ್ ಕಲಿಯುತ್ತಿದ್ದ ವಾದಿರಾಜ ಕೇಳಿದ. ಗುರುಗಳು ಹೇಳಿದರು:

ಒಂದು ಪುಸ್ತಕ ಭಂಡಾರದ ಹಳೆಯ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸಬೇಕಿತ್ತು. ಪ್ರತಿ ಚೀಟಿಯಲ್ಲೂ ಮೊದಲು ಕಪಾಟಿನ ಅಕ್ಷರ, ಮುಂದೆ ಅಡ್ಡಗೆರೆ, ಆಮೇಲೆ ಪುಸ್ತಕದ ಹೆಸರು. ಅದನ್ನು ಓದುವ ಪ್ರೋಗ್ರಾಮನ್ನು ಅಲ್ಲಿದ್ದ ಹಿರಿಯನೊಬ್ಬ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ. ಮಾರುದ್ದ ಬರೆದ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತು.

ಆಗ ಹೊಸಬಳೊಬ್ಬಳು ಕೆಲಸಕ್ಕೆ ಸೇರಿದಳು. ಆಕೆ ಯಾರೋ ಬರೆದಿಟ್ಟ ಕೋಡ್ ಲೈಬ್ರರಿಯಿಂದ ಸಣ್ಣ ಸಣ್ಣ ತುಂಡುಗಳನ್ನು ತೆಗೆದುಕೊಂಡಳು. ಒಂದು ತುಂಡು ಒಂದೇ ಅಕ್ಷರವನ್ನು ಗುರುತಿಸುತ್ತಿತ್ತು. ಇನ್ನೊಂದು ಇಡೀ ಪದವನ್ನು. ಅವನ್ನು ಒಂದರ ಹಿಂದೊಂದು ಜೋಡಿಸಿದಳು. ವಾರದೊಳಗೆ, ಪರೀಕ್ಷೆಗೆ ತೆಗೆದುಕೊಂಡ ಚೀಟಿಗಳನ್ನೆಲ್ಲ ಪ್ರೋಗ್ರಾಮ್ ಸಲೀಸಾಗಿ ಓದಿತು.

ಮುಖ್ಯಸ್ಥರು ಆಕೆಯನ್ನು ಎಲ್ಲರೆದುರು ಹೊಗಳಿದರು. ಹಿರಿಯನೂ ಚಪ್ಪಾಳೆ ತಟ್ಟಿದ. ಅಂದಿನಿಂದ ಅವನಿಗೆ ಊಟ ಸೇರಲಿಲ್ಲ.

"ನಿನ್ನ ಕೋಡ್ ಒಮ್ಮೆ ನೋಡಲೇನಮ್ಮ?" ಎಂದು ಕೇಳಿದ.

"ನೋಡಿ ಸರ್. ನೀವು ನೋಡಿದರೆ ನನಗೂ ಧೈರ್ಯ" ಎಂದು ಆಕೆ ಕೊಟ್ಟಳು.

ಮೂರು ದಿನ ಹುಡುಕಿದ. ಕೊನೆಗೂ ತಪ್ಪು ಸಿಕ್ಕಿತು. ಅಕ್ಷರ ಗುರುತಿಸುವ ತುಂಡಿಗೆ ಕಾಗುಣಿತ ಗೊತ್ತಿರಲಿಲ್ಲ. 'ಕಿ' ಬಂದರೆ 'ಕ'ವನ್ನಷ್ಟೇ ತೆಗೆದುಕೊಂಡು ಗುಡಿಸನ್ನು ಬಿಟ್ಟುಬಿಡುತ್ತಿತ್ತು. ಅಡ್ಡಗೆರೆ ಇರಬೇಕಾದಲ್ಲಿ ಗುಡಿಸು ಕಂಡು ಪ್ರೋಗ್ರಾಮ್ ನಿಲ್ಲುತ್ತಿತ್ತು. ಆಕೆ ಪರೀಕ್ಷಿಸಿದ್ದೆಲ್ಲ ಕ, ಗ, ಮ ಕಪಾಟಿನ ಚೀಟಿಗಳನ್ನು.

"ಚೆನ್ನಾಗಿದೆಯಮ್ಮ" ಎಂದ. ಅಂದು ಹೊಟ್ಟೆ ತುಂಬ ಉಂಡ. ಆಡಳಿತ ಮಂಡಳಿಯೆದುರು ಆಕೆ ಕೆಲಸ ತೋರಿಸುವ ದಿನಕ್ಕಾಗಿ ಕಾದ.

ಆ ದಿನ ಬಂತು. ಮಂಡಳಿಯ ಸದಸ್ಯರೊಬ್ಬರು 'ಕಿ' ಕಪಾಟಿನ ಚೀಟಿ ಕೊಟ್ಟರು. ಪ್ರೋಗ್ರಾಮ್ ನಿಂತಿತು. ಎಷ್ಟನೆಯ ಜಾಗದಲ್ಲಿ ಏನು ಬರಬೇಕಿತ್ತು, ಏನು ಬಂತು ಎಂದು ಪರದೆಯ ಮೇಲೆ ಮೂಡಿತು. ಆಕೆಯ ಮುಖ ಕೆಂಪಾಯಿತು. "ತಪ್ಪು ನನ್ನದು" ಎಂದಳು. ಆ ಒಂದು ತುಂಡನ್ನು ತೆಗೆದು, ಕಾಗುಣಿತ ತಿಳಿದ ಬೇರೊಂದನ್ನು ಅಲ್ಲಿಟ್ಟಳು. ಕಾಫಿ ಬರುವಷ್ಟರಲ್ಲಿ ಎಲ್ಲ ಸರಿಹೋಯಿತು.

ಆಮೇಲೆ ಆಕೆ ಹಿರಿಯನತ್ತ ತಿರುಗಿ, "ಮೂರು ದಿನ ಕೂತು ನೋಡಿದಿರಿ. ನಿಮ್ಮ ಕಣ್ಣಿಗೂ ಬೀಳಲಿಲ್ಲವಲ್ಲ ಸರ್" ಎಂದಳು. ಆಕೆಯ ಮಾತಿನಲ್ಲಿ ಕೊಂಕಿರಲಿಲ್ಲ.

ಎಲ್ಲರೂ ಅವನನ್ನು ನೋಡಿದರು. ಕಂಡಿತ್ತು ಎನ್ನುವಂತಿರಲಿಲ್ಲ. ಕಾಣಲಿಲ್ಲ ಎಂದು ಒಪ್ಪಲು ನಾಲಗೆ ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಎಂಥ ಮನುಷ್ಯ! ಮೊದಲೇ ಹೇಳಬಹುದಿತ್ತಲ್ಲ" ಎಂದ ವಾದಿರಾಜ.

ಗುರುಗಳು ಕೇಳಿದರು: "ನಿನ್ನ ಜೊತೆಯವನ ಕೋಡಿನಲ್ಲಿ ನೀನು ಕಂಡಿರುವ ತಪ್ಪು ಎಷ್ಟನೆಯ ಸಾಲಿನಲ್ಲಿದೆ?"