ಮೇಣ ಹಿಡಿದ ಎಣ್ಣೆ

“ಅಜ್ಜನವರೇ, ನನ್ನ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಕಣ್ಣು ಮುಚ್ಚಿ ಕೂತರೆ, ಈಗ ನಿಂತಿತೇ, ಈಗ ನಿಂತಿತೇ ಎಂದು ನೋಡಿಕೊಳ್ಳುವುದೇ ಆಗುತ್ತದೆ. ಏನು ಮಾಡಲಿ?” ಎಂದು ಮರುಳಯ್ಯ ಎಂಬ ಶಿಷ್ಯ ಮಠದ ಹಿರಿಯರನ್ನು ಕೇಳಿದ.

ಅಜ್ಜನವರು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಗಿತ್ತಿ ಇದ್ದಳು. ಸೊಸೆ ಹೆತ್ತು ಐದು ದಿನವಾಗಿತ್ತು. ಚೊಚ್ಚಲ ಬಾಣಂತಿ, ಮೊಲೆತೊಟ್ಟು ಒಡೆದು ರಕ್ತ ಬರುತ್ತಿತ್ತು. ಕೂಸು ಬಾಯಿ ಹಚ್ಚಿದರೆ ಅವಳು ನೋವಿಗೆ ಬೆಚ್ಚುತ್ತಿದ್ದಳು. ಅವಳು ಬೆಚ್ಚಿದರೆ ಕೂಸು ಬಾಯಿ ಬಿಡುತ್ತಿತ್ತು. ನಿನ್ನೆಯವರೆಗೆ ಬೀದಿಗೆ ಕೇಳುವಂತೆ ಅಳುತ್ತಿದ್ದ ಕೂಸಿನ ದನಿ ಅಂದು ಬೆಳಗ್ಗೆ ಸಣ್ಣಗಾಗಿತ್ತು. ಅದನ್ನು ಕೇಳಿ ಗಾಣಗಿತ್ತಿ ಸೂಲಗಿತ್ತಿಗೆ ಹೇಳಿಕಳಿಸಿದಳು. ಮನೆಯಲ್ಲಿ ಕೊಡಗಟ್ಟಲೆ ಎಳ್ಳೆಣ್ಣೆ ಇತ್ತು. ಆದರೆ ಹಚ್ಚಿದ್ದು ಗಾಯದ ಮೇಲೆ ನಿಲ್ಲದೆ ಸೀರೆಗೆ ಇಳಿದುಹೋಗುತ್ತಿತ್ತು.

ಸೂಲಗಿತ್ತಿ ಬಂದು ನೋಡಿ ಹೇಳಿದಳು: “ಒಂದು ಬಟ್ಟಲು ಎಣ್ಣೆಗೆ ಅಡಿಕೆಯಷ್ಟು ಜೇನುಮೇಣ ಹಾಕಿ ಕರಗಿಸು. ಇಳಿಸಿ ನೆರಳಿಗಿಡು. ಆರುವವರೆಗೆ ಮುಟ್ಟಬೇಡ. ಬೆಣ್ಣೆಯ ಹಾಗೆ ತಾನೇ ನಿಲ್ಲುತ್ತದೆ, ಅದನ್ನು ಹಚ್ಚು.”

“ಅಷ್ಟು ಎಣ್ಣೆಯನ್ನು ಇಷ್ಟು ಚೂರು ಮೇಣ ಹಿಡಿದೀತೇ ಅಕ್ಕಾ?”

“ಅದು ಹಿಡಿಯುತ್ತದೆ. ನಿನ್ನ ಕೈಯನ್ನು ನೀನು ಹಿಡಿದುಕೋ, ಸಾಕು.”

ಗಾಣಗಿತ್ತಿ ಮೇಣ ಕರಗಿಸಿದಳು, ಇಳಿಸಿದಳು, ಬಟ್ಟಲಿನ ಎದುರಿಗೆ ಕೂತಳು. ತಿರುಗುವ ಗಾಣಕ್ಕೆ ನಲವತ್ತು ವರ್ಷದಿಂದ ಎಳ್ಳನ್ನು ಕೈಯಿಂದ ನೂಕುತ್ತ ಬಂದವಳು ಅವಳು. ಅಲ್ಲಿ ಕೈ ನಿಂತರೆ ಎಣ್ಣೆಯೂ ನಿಂತಂತೆ. ಕೈಕಟ್ಟಿ ಕೂತು ಒಂದು ಕೆಲಸ ಆದೀತೆಂದು ಅವಳು ನಂಬುವುದು ಹೇಗೆ? ಒಳಗೆ ಕೂಸು ಕುಂಯ್ ಎಂದಿತು. ಅವಳು ಬೆರಳು ಅದ್ದಿ ನೋಡಿದಳು. ಇನ್ನೂ ನೀರಿನ ಹಾಗಿತ್ತು. ಸೌಟಿನಿಂದ ಒಮ್ಮೆ ತಿರುವಿದಳು. ಅಂಚಿನಲ್ಲಿ ಬೆಳ್ಳಗೆ ಕಟ್ಟತೊಡಗಿತ್ತು. ಅದನ್ನೂ ಕೆರೆದು ನಡುವಿಗೆ ಕಲಸಿದಳು. ಆರಿದ ಮೇಲೆ ನೋಡಿದರೆ ಕೆಳಗೆ ರವೆ ರವೆ, ಮೇಲೆ ಎಣ್ಣೆ.

ಮೇಣ ಸಾಲಲಿಲ್ಲ ಎಂದುಕೊಂಡಳು. ಮತ್ತೆ ಒಲೆಗಿಟ್ಟು ನಿಂಬೆಹಣ್ಣಿನಷ್ಟು ಮೇಣ ಸೇರಿಸಿದಳು. ಅದು ಕಲ್ಲಿನಂತೆ ಕಟ್ಟಿತು. ಹೆರೆದು ಹಚ್ಚಲು ಹೋದರೆ ಸೊಸೆ ನರಳಿ ಗೋಡೆಯ ಕಡೆಗೆ ಹೊರಳಿದಳು. ಹೊತ್ತು ಮಧ್ಯಾಹ್ನವಾಗಿತ್ತು. ಕೂಸಿನ ಅಳು ಬೆಕ್ಕಿನ ಮರಿಯ ದನಿಯಷ್ಟಾಗಿತ್ತು.

ಗಾಣಗಿತ್ತಿ ಆ ಗಟ್ಟಿಯಲ್ಲಿ ಮೂರರಲ್ಲೊಂದು ಪಾಲು ಒಡೆದು, ಬಟ್ಟಲು ತುಂಬ ಹೊಸ ಎಣ್ಣೆ ಹಾಕಿ, ಮೂರನೆಯ ಸಲ ಕರಗಿಸಿ ಇಳಿಸಿದಳು. ಇದೂ ಕೆಟ್ಟರೆ ಕೂಸಿನ ಗತಿಯೇನು ಎಂದುಕೊಂಡಳು. ಸೌಟು ತಾನಾಗಿ ಕೈಗೆ ಬಂತು.

ಅಷ್ಟರಲ್ಲಿ ಸೊಸೆ ಒಳಗಿನಿಂದ ಕರೆದಳು: “ಅತ್ತೆ, ಹಸಿದಿರುವುದು ಆ ಬಟ್ಟಲೇ? ಬೆಳಗಿನಿಂದ ಅದನ್ನೇ ಕಾಯುತ್ತಿದ್ದೀರಿ. ಬಂದು ಇದನ್ನು ಎತ್ತಿಕೊಳ್ಳಿ, ನನ್ನಿಂದ ಆಗುವುದಿಲ್ಲ.”

“ಬಂದೆ, ಮಗಳೇ.”

ಅವಳು ಸೌಟು ಕೆಳಗಿಟ್ಟು ಹೋದಳು. ಕೂಸನ್ನು ಎದೆಗೊತ್ತಿಕೊಂಡು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆದಳು. ಮೊದಲು ಬಟ್ಟಲಿನ ಕಡೆ ಕಣ್ಣು ಹೋಗುತ್ತಿತ್ತು, ಕೈ ಹೋಗುವಂತಿರಲಿಲ್ಲ. ಒಂದು ಕೈ ಕೂಸಿನ ತಲೆಯ ಕೆಳಗೆ, ಇನ್ನೊಂದರ ಬೆರಳು ಕೂಸಿನ ಮುಷ್ಟಿಯಲ್ಲಿ. ಬಿಡಿಸಿಕೊಂಡರೆ ಅಳು. ಸ್ವಲ್ಪ ಹೊತ್ತಿಗೆ ಕಣ್ಣೂ ಕೂಸಿನ ಮುಖದ ಮೇಲೆಯೇ ನಿಂತಿತು. ಉಸಿರು ಸಮವಾಯಿತೇ, ತುಟಿ ಒಣಗಿತೇ ಎಂದು ನೋಡುತ್ತ, ಬಾಯಿಗೆ ಬಂದ ಜೋಗುಳ ಹೇಳುತ್ತ ನಡೆದಳು. ಬಟ್ಟಲು ಮರೆತೇಹೋಯಿತು.

ಕೂಸಿಗೆ ಜೊಂಪು ಹತ್ತಿದ ಮೇಲೆ ಬಂದು ನೋಡಿದಳು. ಎಣ್ಣೆ ನಿಂತಿತ್ತು. ಬಟ್ಟಲು ಬೋರಲು ಹಾಕಿದರೂ ಬೀಳಲಿಲ್ಲ, ಬೆರಳಿಟ್ಟರೆ ಮೆತ್ತಗಿತ್ತು. ಹಚ್ಚಿದ್ದು ಗಾಯದ ಮೇಲೆ ಹಾಗೇ ಉಳಿಯಿತು. ಸಂಜೆಗೆ ಸೊಸೆ ಅದನ್ನು ಒರೆಸಿ ಕೂಸನ್ನು ಎದೆಗೆ ಹಿಡಿದಳು. ಹುಬ್ಬು ಗಂಟಿಕ್ಕಿದಳು, ಆದರೆ ಬೆಚ್ಚಲಿಲ್ಲ. ಕೂಸು ಬಾಯಿ ಬಿಡಲಿಲ್ಲ.

ಕತೆ ಮುಗಿಯಿತು. “ಹಾಗಾದರೆ ನಾನೂ ಸುಮ್ಮನೆ ಕೂರಬೇಕೇ, ಅಜ್ಜನವರೇ?” ಎಂದು ಮರುಳಯ್ಯ ಕೇಳಿದ. ಅದಕ್ಕೆ ಅಜ್ಜನವರು ಹೇಳಿದರು:

“ಅವಳು ಸುಮ್ಮನೆ ಕೂರಲಿಲ್ಲ, ತಮ್ಮಾ, ಅಳುವ ಕೂಸನ್ನು ಎತ್ತಿಕೊಂಡಳು. ನೀನು ಯಾರ ಅಳುವನ್ನು ಅಲ್ಲೇ ಬಿಟ್ಟು ಇಲ್ಲಿ ಬಂದು ಕಣ್ಣು ಮುಚ್ಚಿದ್ದೀಯೆ?”